ಎರಡಡಿ ಮಣ್ಣಾದರೂ ಬಿಡಿ

ಮಾನ್ಯರೇ,

ಮನೆ ಕಟ್ಟುವಾಗ ಕಾಂಪೌಂಡಿನ ಒಳಗೆ ಒಂದಿಷ್ಟೂ ಮಣ್ಣು ಬಿಡದೆ ಟೈಲ್ಸ್ ಹಾಕಿಸಿಬಿಡುವುದು ಈಗ ಜಾಸ್ತಿಯಾಗಿದೆ. ಗುಡಿಸಲು ಸುಲಭ, ಗಾಡಿ ನಿಲ್ಲಿಸಲು ಜಾಗ ಸಿಗುತ್ತದೆ, ಒಪ್ಪೋಣ. ಆದರೆ ಬೆಳಿಗ್ಗೆ ಎದ್ದು ಸುಮ್ನೆ ಗಿಡಗಳ ಹತ್ತಿರ ಕೂರುವ ಸುಖವೂ ಅದರ ಜೊತೆಗೇ ಹೋಗುತ್ತದೆ.

ಸೌತೆ ಬಳ್ಳಿಯ ನೂಲಿನಂಥ ತಂತು ಕಡ್ಡಿಯೊಂದನ್ನು ಹಿಡಿದ ಮೇಲೆ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ಹತ್ತಿರ ಹೋಗಿ ನೋಡಿದರೆ ಸ್ವಲ್ಪ ದೂರ ಒಂದು ಕಡೆಗೆ ತಿರುಗಿ, ಮಧ್ಯದಲ್ಲಿ ಚೂರು ನೆಟ್ಟಗಾಗಿ, ಆಮೇಲೆ ಉಲ್ಟಾ ಕಡೆಗೆ ತಿರುಗಿರುತ್ತದೆ. ಇದನ್ನು ನೋಡುತ್ತಾ ನಿಂತವರಿಗೆ ಮೊಬೈಲ್ ನೆನಪಾಗುವುದಿಲ್ಲ!

ಇದು ಬರೀ ಗಿಡದ ಹುಚ್ಚಿನವರ ಮಾತಲ್ಲ. 2011ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಒಂದು ಸಣ್ಣ ಪ್ರಯೋಗದಲ್ಲಿ, ಒತ್ತಡದ ಕೆಲಸ ಮುಗಿಸಿದವರಲ್ಲಿ ಕೆಲವರನ್ನು 30 ನಿಮಿಷ ತೋಟದ ಕೆಲಸಕ್ಕೆ, ಉಳಿದವರನ್ನು ಒಳಗೆ ಕೂತು ಓದಲು ಬಿಟ್ಟಿದ್ದರು. ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಇಬ್ಬರಲ್ಲೂ ಇಳಿಯಿತು, ತೋಟದಲ್ಲಿದ್ದವರಲ್ಲಿ ಇನ್ನೂ ಜಾಸ್ತಿ ಇಳಿಯಿತು. (ಓದುವುದನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ, ಅದೂ ಪತ್ರಿಕೆಗೆ ಬರೆಯುತ್ತಾ!)

ಹೊಸದಾಗಿ ಮನೆ ಕಟ್ಟಿಸುವವರು ಬಿಸಿಲು ಬೀಳುವ ಕಡೆ ಗೋಡೆಯುದ್ದಕ್ಕೂ ಎರಡಡಿ ಅಗಲ ಮಣ್ಣು ಬಿಡಲಿ. ಬಾಡಿಗೆ ಮನೆಯವರಿಗೆ ತಳದಲ್ಲಿ ತೂತಿರುವ ನಾಲ್ಕು ಕುಂಡ ಸಾಕು. ಬೆರಳು ಚುಚ್ಚಿ ನೋಡಿ, ಮೇಲಿನ ಒಂದಿಂಚು ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕಿ, ಯಾಕೆಂದರೆ ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ತಮ್ಮ ಪತ್ರಿಕೆಯೂ ವಾರಕ್ಕೊಮ್ಮೆ ಕೈತೋಟದವರ ಪ್ರಶ್ನೆಗಳಿಗೆ ಅರ್ಧ ಕಾಲಂ ಜಾಗ ಕೊಟ್ಟರೆ ಹೊಸಬರಿಗೆ ತುಂಬಾ ಅನುಕೂಲವಾಗುತ್ತದೆ.

– ಒಬ್ಬ ಓದುಗ