ನಿನ್ನೆ ಚೆನ್ನಾಗಿಯೇ ಇದ್ದಿರಲ್ಲ?

ಮಾನ್ಯ ಸಂಪಾದಕರೇ,

ಕಾಯಿಲೆಯ ನೆಪ ಹೇಳಿ ರಜೆ ಹಾಕುವವರ ಕುರಿತು ಓದುಗರೊಬ್ಬರು ಬರೆದ ಪತ್ರವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ನಿನ್ನೆ ನಗುನಗುತ್ತಾ ಓಡಾಡಿದವರು ಇಂದು ಹಾಸಿಗೆ ಹಿಡಿದಿದ್ದೇವೆಂದರೆ ಯಾರು ನಂಬುತ್ತಾರೆ ಎಂದು ಅವರು ಕೇಳಿದ್ದರು. ಆ ಪ್ರಶ್ನೆ ನನ್ನನ್ನೇ ಕೇಳಿದಂತಿತ್ತು.

ಒಂಬತ್ತು ವರ್ಷಗಳಿಂದ ನನಗೆ ಫೈಬ್ರೊಮಯಾಲ್ಜಿಯಾ ಇದೆ. ಮೈಯೆಲ್ಲ ನೋವು, ಎಷ್ಟು ಮಲಗಿದರೂ ಆರದ ದಣಿವು, ನಾಲಿಗೆಯ ತುದಿಗೆ ಬಂದ ಮಾತು ಜಾರಿಹೋಗುವಂಥ ಮಂಕು. ರಕ್ತ ಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನ್ ಎಲ್ಲದರಲ್ಲೂ ‘ನಾರ್ಮಲ್’. ಬೆಳಿಗ್ಗೆ ಅಂಗಿಯ ಮೂರನೆಯ ಗುಂಡಿಗೆ ಬರುವಷ್ಟರಲ್ಲಿ ತೋಳು ಸೋತು ಕೈ ತೊಡೆಯ ಮೇಲೆ ಬಿದ್ದುಬಿಡುತ್ತದೆ. ಮಂಚದ ಅಂಚಿನಲ್ಲಿ ಕುಳಿತು ಸುಧಾರಿಸಿಕೊಂಡ ಮೇಲೆ ನಾಲ್ಕನೆಯದು. ಕಚೇರಿಯಲ್ಲಿ ನೋಡುವವರಿಗೆ ಕಾಣುವುದು ಎಲ್ಲ ಗುಂಡಿಗಳನ್ನೂ ಹಾಕಿಕೊಂಡು, ತಲೆ ಬಾಚಿಕೊಂಡು ಬಂದ ಹೆಂಗಸು ಮಾತ್ರ.

ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯಿತ್ತು. ಎರಡು ಗಂಟೆ ನಿಂತೇ ಇದ್ದೆ, ಮನಸಾರೆ ನಕ್ಕೆ. ಆ ನಗು ನಾಟಕವಾಗಿರಲಿಲ್ಲ. ಮರುದಿನ ಏಳಲಾಗದೆ ರಜೆ ಕೇಳಿದೆ. ಕೆಲಸಕ್ಕೆ ಮರಳಿದಾಗ ಮೇಲಧಿಕಾರಿ ತಮ್ಮ ಮೊಬೈಲ್ ತೆಗೆದು, ಆ ಸಮಾರಂಭದ ಫೋಟೊ ತೋರಿಸಿ, “ಇದರಲ್ಲಿರುವವರು ನೀವೇ ತಾನೆ?” ಎಂದರು. ಹೌದು, ನಾನೇ. ಆ ಒಂದು ಮಾತು ಬಿಟ್ಟರೆ ಬೇರೇನೂ ಹೇಳಲು ನನಗೆ ಆಗಲಿಲ್ಲ.

ಅಂದು ಹೇಳಲಾಗದಿದ್ದುದನ್ನು ಇಲ್ಲಿ ಹೇಳುತ್ತೇನೆ: ನಿನ್ನೆ ಓಡಾಡಿದ್ದೇ ಇಂದು ಮಲಗಲು ಕಾರಣ. ನನ್ನ ಕಾಯಿಲೆಯಲ್ಲಿ ಮಿದುಳು ಮತ್ತು ಬೆನ್ನುಹುರಿ ನೋವಿನ ಸಂಕೇತಗಳನ್ನು ಹೆಚ್ಚಿಸಿಬಿಡುತ್ತವೆ ಎಂದು ತಜ್ಞರು ವಿವರಿಸುತ್ತಾರೆ. ಮೂಳೆಯನ್ನು ತೋರಿಸುವ ಎಕ್ಸ್‌ರೇಯಲ್ಲಿ ಅದು ಕಾಣುವುದಾದರೂ ಹೇಗೆ? ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ತಿಂಗಳುಗಟ್ಟಲೆ ಬಿಡದ ದಣಿವಿನ ಕಾಯಿಲೆ, ಇರುವವರಿಗಂತೂ ದಣಿದದ್ದರ ಪರಿಣಾಮ ಎಷ್ಟೋ ಸಲ 12ರಿಂದ 48 ಗಂಟೆಗಳ ನಂತರ ಬಂದು ಕೆಡವುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೆಯೇ ದಾಳಿ ಮಾಡುವ ಲೂಪಸ್, ಮಿದುಳು ಮತ್ತು ಬೆನ್ನುಹುರಿಯನ್ನು ಬಾಧಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್, ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರುವ ಎಷ್ಟೋ ಮಂದಿಯೂ ಹೊರನೋಟಕ್ಕೆ ಆರೋಗ್ಯವಂತರೇ.

ಫೈಬ್ರೊಮಯಾಲ್ಜಿಯಾವನ್ನು ಗುರುತಿಸಲು 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ ರೂಪಿಸಿದ ಮಾನದಂಡದ ಪ್ರಕಾರ ಮೈಮೇಲಿನ 18 ಜಾಗಗಳನ್ನು ಬೆರಳಿನಿಂದ ಒತ್ತಿ, ಕನಿಷ್ಠ 11ರಲ್ಲಿ ನೋವಿದೆಯೇ ಎಂದು ನೋಡುತ್ತಿದ್ದರು. 2010ರ ಮಾನದಂಡದಲ್ಲಿ ಆ ಒತ್ತುವಿಕೆಯನ್ನು ಕೈಬಿಟ್ಟು, ನೋವು ಎಲ್ಲೆಲ್ಲಿದೆ, ದಣಿವು ಎಷ್ಟು, ನಿದ್ದೆ ಹೇಗೆ ಎಂದು ರೋಗಿಯನ್ನೇ ಕೇಳುವುದಕ್ಕೆ ಒತ್ತು ಕೊಟ್ಟರು. ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯಾನದ ಜೊತೆಗೇ ಬರೆದಿದೆ. ವೈದ್ಯರು ಕೇಳಿಸಿಕೊಳ್ಳಲು ಒಪ್ಪಿದ ಮಾತಿಗೆ ಪಕ್ಕದ ಮೇಜಿನವರು ಸಾಕ್ಷಿ ಕೇಳುವುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಸಲಹೆ ಕೊಡುವವರ ಮೇಲೆ ನನಗೆ ಕೋಪವಿಲ್ಲ. ವ್ಯಾಯಾಮ ಮಾಡಿ ಎನ್ನುತ್ತಾರೆ. ನನ್ನ ವೈದ್ಯರೂ ಅದನ್ನೇ ಹೇಳಿದ್ದಾರೆ, ದಿನವೂ ಅಳತೆಯಿಟ್ಟು ನಡೆಯುತ್ತೇನೆ. ‘ಎಲ್ಲ ಮನಸ್ಸಿನದು’ ಎಂಬ ಮಾತು ಮಾತ್ರ ನನ್ನೊಳಗೇ ಬೇರು ಬಿಟ್ಟಿತು. ನಿಜವಾಗಿಯೂ ನಾನು ಸೋಮಾರಿಯೇ ಎಂದು ಎಷ್ಟೋ ರಾತ್ರಿ ನನ್ನನ್ನು ನಾನೇ ವಿಚಾರಣೆ ಮಾಡಿಕೊಂಡಿದ್ದೇನೆ. ರೋಗದ ಹೆಸರು ಬರೆದಿದ್ದ ವೈದ್ಯರ ಚೀಟಿಯನ್ನು ನಾಲ್ಕಾಗಿ ಮಡಚಿ, ಯಾರಾದರೂ ಕೇಳಿದರೆ ತೋರಿಸಲೆಂದು ವರ್ಷಗಟ್ಟಲೆ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ತೆಗೆದು ಬಿಡಿಸಿ ಬಿಡಿಸಿ ಅದು ಮಡಿಕೆಗಳಲ್ಲಿ ಹರಿದುಹೋಗಿದೆ.

ಸುಳ್ಳು ಹೇಳಿ ರಜೆ ಹಾಕುವವರು ಇಲ್ಲವೆನ್ನುವುದಿಲ್ಲ. ಆದರೆ ಅವರನ್ನು ಹಿಡಿಯಲೆಂದು ಬೀಸಿದ ಬಲೆಯಲ್ಲಿ ಮೊದಲು ಸಿಕ್ಕಿಬೀಳುವವರು ನಾವು. ಈಗಿನ ಕಚೇರಿಯಲ್ಲಿ ಸಹೋದ್ಯೋಗಿಯೊಬ್ಬರು ನಾನು ರಜೆ ಮುಗಿಸಿ ಬಂದ ದಿನ ಏನನ್ನೂ ಕೆದಕುವುದಿಲ್ಲ. “ಇವತ್ತು ಎಷ್ಟು ಆಗುತ್ತದೆ ಹೇಳಿ, ಉಳಿದದ್ದು ನನಗಿರಲಿ” ಎನ್ನುತ್ತಾರೆ. ಅಂಥ ದಿನಗಳಲ್ಲಿ ನಾನು ಹೆಚ್ಚು ಕೆಲಸ ಮಾಡಿದ್ದೇನೆ. ಆ ಪತ್ರ ಬರೆದವರ ಪಕ್ಕದ ಕುರ್ಚಿಯೂ ಈಗ ಖಾಲಿಯಿರಬಹುದು. ಅದರಲ್ಲಿ ಕೂರುವವರು ನಾಳೆ ಬಂದಾಗ, ದಯವಿಟ್ಟು ಅವರನ್ನೂ ಹಾಗೆಯೇ ಕೇಳಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು