ಬೋರ್ನಿಯೋದ ಕಪ್ಪೆ ನೋಡಿದ್ದಾಯ್ತು, ಕೊಟ್ಟಿಗೆಹಾರಕ್ಕೂ ಬಾ

ಮೂಡಿಗೆರೆ
ಆಷಾಢ, ಬಿಡದ ಮಳೆ

ಪ್ರೀತಿಯ ಮಂಜು,

ಬೋರ್ನಿಯೋದಿಂದ ನೀನು ಕಳಿಸಿದ ವಿಡಿಯೋ ನೋಡಿದೆ. ಭೋರ್ಗರೆಯುವ ತೊರೆ, ನಡುವೆ ಒದ್ದೆ ಬಂಡೆ. ಅದರ ಮೇಲೆ ಕೂತ ಸಣ್ಣ ಕಪ್ಪೆ ಹಿಂಗಾಲನ್ನು ಪಕ್ಕಕ್ಕೆ ಚಾಚಿ, ಬೆರಳ ನಡುವಿನ ಪೊರೆ ಬಿಚ್ಚಿ ತೋರಿಸಿ, ಮತ್ತೆ ಮಡಚಿಕೊಳ್ಳುತ್ತದೆ. "ಇಂಥದ್ದನ್ನ ನಮ್ಮ ಕಡೆ ಕನಸಲ್ಲೂ ಕಾಣಲ್ಲ" ಅಂತ ಕೆಳಗೆ ಬರೆದಿದ್ದೀಯ. ಅದಕ್ಕೇ ಈ ಕಾಗದ. ಅದೇ ಕುಣಿತ ನಮ್ಮಲ್ಲೂ ಇದೆ ಮಾರಾಯ. ಧರ್ಮಸ್ಥಳಕ್ಕೆ ಹೋಗುವಾಗ ನೀರುದೋಸೆ ತಿನ್ನೋಕೆ ಅಂತ ಇಳಿಯುತ್ತಿದ್ದೆಯಲ್ಲ, ಆ ಕೊಟ್ಟಿಗೆಹಾರದ ಸುತ್ತಿನ ಹಳ್ಳಗಳಲ್ಲಿ.

ನೀನು ಕಂಡದ್ದು ಸ್ಟೌರಾಯ್ಸ್ ಅನ್ನುವ ಕುಲದ ಕಪ್ಪೆ. ನಮ್ಮದು ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್, ಊರಿನ ಹೆಸರನ್ನೇ ಹೊತ್ತದ್ದು. ಇವೆರಡೂ ಬೇರೆ ಬೇರೆ ಕುಟುಂಬಕ್ಕೆ ಸೇರಿದವು, ನಡುವೆ ಸಮುದ್ರವೇ ಇದೆ. ಆದರೂ ಎರಡೂ ಒಂದೇ ಉಪಾಯ ಕಂಡುಕೊಂಡಿವೆ. ಹಳ್ಳದ ಸದ್ದಿನಲ್ಲಿ ಗಂಡಿನ ಕೂಗು ಮುಳುಗಿಹೋಗುತ್ತದೆ, ಅದಕ್ಕೆ ಕೂಗಿನ ಜೊತೆಗೆ ಕಾಲನ್ನೂ ಬೀಸುತ್ತದೆ. ಕೇಳದಿದ್ದವರು ನೋಡಲಿ ಅಂತ. ನಮ್ಮ ಕಪ್ಪೆ ಒಂದಿಂಚು ಉದ್ದ ಇದ್ದರೆ ಹೆಚ್ಚು. ಮೈಬಣ್ಣ ಒದ್ದೆ ಕಲ್ಲಿನದೇ, ಕಣ್ಣಿಗೆ ಬೀಳುವುದೇ ಇಲ್ಲ. ಕೂಗುವಾಗ ಗಂಟಲಿನ ಚೀಲ ಬೆಳ್ಳಗೆ ಉಬ್ಬುತ್ತದೆ, ಮೊದಲು ಕಾಣುವುದು ಅದು. ಆಮೇಲೆ ಕಾಲು. ಇನ್ನೊಂದು ಗಂಡು ತನ್ನ ಕಲ್ಲಿನ ಹತ್ತಿರ ಬಂದರೆ ಅದೇ ಕಾಲಲ್ಲಿ ಒದ್ದು ಓಡಿಸುವುದೂ ಉಂಟು. ಇಷ್ಟೆಲ್ಲ ನಡೆಯುವುದು ಹಾಡಹಗಲಲ್ಲಿ. ಟಾರ್ಚು ಬೇಡ, ರಾತ್ರಿ ಕಾಯುವುದು ಬೇಡ.

ಈ ಕಪ್ಪೆಯನ್ನು ಲೋಕಕ್ಕೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್, 1937ರಲ್ಲಿ. ಆಗಿನ ರಸ್ತೆ, ಆಗಿನ ಮಳೆ ನೆನೆಸಿಕೋ. ಅವರು ಕೂಡಿಟ್ಟ ಮಾದರಿಗಳು ಆಮೇಲೆ ಕಳೆದುಹೋದವು. ಹಾಗಾಗಿ ಅವರ ಕಪ್ಪೆಗಳನ್ನು ಗುರುತಿಸಬೇಕೆಂದು ಹೊರಟವರು ಮತ್ತೆ ಅದೇ ಹಳ್ಳಗಳಿಗೆ ಬರಬೇಕಾಯಿತು. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ರಾವೋರ್ಕೆಸ್ಟಿಸ್ ಅಂತ ಅವರ ಹೆಸರನ್ನೇ ಇಟ್ಟರು. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಈ ಮನುಷ್ಯನ ಬಗ್ಗೆ ಒಂದು ಪಾಠವಾದರೂ ಇರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಈಗಲೇ ಬರುತ್ತೇನೆ ಅನ್ನಬೇಡ. ಈ ಮಳೆಗೆ ಹಳ್ಳಗಳೆಲ್ಲ ಕೆಂಪು ನೀರು ತುಂಬಿ ಓಡುತ್ತಿವೆ, ಬಂಡೆಗಳೇ ಮುಳುಗಿವೆ. ಕುಣಿಯುವ ಕಪ್ಪೆಗಳ ಕಾಲ ಮಳೆಗಾಲ ತಗ್ಗಿದ ಮೇಲೆ ಬರುತ್ತದೆ. ದಸರಾ ರಜೆಗೆ ಬಾ. ಆದರೆ ಒಂದು ಷರತ್ತು: ಬೆಳಗ್ಗೆ ಚಾರ್ಮಾಡಿ, ಮಧ್ಯಾಹ್ನ ಕುದುರೆಮುಖ, ಸಂಜೆ ಮುಳ್ಳಯ್ಯನಗಿರಿ ಅಂತ ಕಾರಲ್ಲಿ ಸುತ್ತುವ ಯೋಚನೆ ಬಿಟ್ಟು ಬರಬೇಕು. ಒಂದೇ ಹಳ್ಳ, ಒಂದೇ ಕಲ್ಲು, ಅರ್ಧ ದಿನ. ನಾವು ಹೋದ ತಕ್ಷಣ ಕಪ್ಪೆಗಳೆಲ್ಲ ಸಂದಿ ಸೇರುತ್ತವೆ. ಅಲುಗಾಡದೆ ಕೂತರೆ ಒಂದೊಂದೇ ಹೊರಗೆ ಬರುತ್ತವೆ. ಬೋರ್ನಿಯೋದಲ್ಲಿ ಗೈಡ್ ಬೆರಳು ಮಾಡಿ ತೋರಿಸಿದ. ಇಲ್ಲಿ ನೀನೇ ಕಾಣಬೇಕು, ಆ ಖುಷಿಯೇ ಬೇರೆ.

ಹಾಗಂತ ಈಗ ಇಲ್ಲಿ ಏನೂ ಇಲ್ಲ ಅಂದುಕೊಳ್ಳಬೇಡ. ರಾತ್ರಿ ಊಟ ಮುಗಿಸಿ ಜಗಲಿಗೆ ಬಂದು ನಿಂತರೆ ಕಾಫಿ ಗಿಡಗಳಿಂದ ಟಿಕ್ ಟಿಕ್ ಟಿಕ್ ಅಂತ ಕೇಳುತ್ತಲೇ ಇರುತ್ತದೆ. ಅವೇ ನಾರಾಯಣ ರಾವ್ ಹೆಸರಿನ ಪೊದೆಗಪ್ಪೆಗಳು. ಇವುಗಳಲ್ಲಿ ಗೊದಮೊಟ್ಟೆಯ ಹಂತವೇ ಇಲ್ಲ ಗೊತ್ತಾ? ಮೊಟ್ಟೆಯೊಳಗೇ ಎಲ್ಲ ಮುಗಿದು, ನೇರ ಪುಟಾಣಿ ಕಪ್ಪೆಯೇ ಹೊರಗೆ ಬರುತ್ತದೆ. ಅದಕ್ಕೆ ಕೆರೆ ಬೇಡ, ಎಲೆಯ ಮೇಲಿನ ತೇವ ಸಾಕು.

ನಮ್ಮ ಕಣದ ಪಕ್ಕದ ಹಳೇ ನೀರಿನ ತೊಟ್ಟಿ ನೆನಪಿದೆಯಾ? ಅದರ ಮೇಲೆ ಬಾಗಿದ ಕೊಂಬೆಯಲ್ಲಿ ಹೋದ ವಾರ ಹಾರುವ ಕಪ್ಪೆ ಗೂಡು ಮಾಡಿತು. ಮೈಯೆಲ್ಲ ಹಸಿರು, ಬೆರಳ ನಡುವಿನ ಪೊರೆ ಮಾತ್ರ ಕಿತ್ತಳೆಗೆಂಪು. ಹೆಣ್ಣು ತಾನೇ ಸುರಿಸಿದ ದ್ರವವನ್ನು ಹಿಂಗಾಲಲ್ಲಿ ಕಡೆದು ಕಡೆದು ನೊರೆ ಎಬ್ಬಿಸುತ್ತಿತ್ತು, ಬೆನ್ನ ಮೇಲೆ ಅವಳಿಗಿಂತ ಚಿಕ್ಕ ಗಂಡು. ಬೆಳಗಾಗುವ ಹೊತ್ತಿಗೆ ಎಲೆಗಳೆಲ್ಲ ನೊರೆಗೆ ಅಂಟಿ ಮುದ್ದೆಯಾಗಿದ್ದವು. ಹೊರಪದರ ಗಟ್ಟಿಯಾಗುತ್ತದೆ, ಒಳಗೆ ಒದ್ದೆಯೇ ಉಳಿಯುತ್ತದೆ. ಗೊದಮೊಟ್ಟೆಗಳು ಅಲ್ಲೇ ಒಂದಿಷ್ಟು ಬಲಿತು, ನೊರೆ ಕರಗಿದಾಗ ಕೆಳಗಿನ ನೀರಿಗೆ ಉದುರುತ್ತವೆ. ತೊಟ್ಟಿ ತೊಳೆಸಬೇಕು ಅಂತಿದ್ದರು ತೋಟದ ಕೆಲಸ ನೋಡಿಕೊಳ್ಳುವ ರೈಟ್ರು. ಮಳೆಗಾಲ ಮುಗಿಯುವವರೆಗೂ ಅದರ ತಂಟೆಗೆ ಹೋಗುವುದು ಬೇಡ ಅಂತ ಹೇಳಿಟ್ಟಿದ್ದೇನೆ.

ಹಾವಿನ ವಿಷಯ ನೀನು ಕೇಳಿದ್ದೆ. ಕಾಳಿಂಗ ನೋಡಲೇಬೇಕು ಅನ್ನುವ ಹಟ ಹಿಡಿದು ಬರಬೇಡ, ಕಂಡರೆ ಪುಣ್ಯ. ಹಳ್ಳದ ದಂಡೆಯಲ್ಲಿ ಕಾಣುವ ಸಾಧ್ಯತೆ ಹೆಚ್ಚಿರುವುದು ಮಲಬಾರ್ ಗುಳಿಮಂಡಲ. ಒಂದು ಹಸಿರು, ಒಂದು ಕಂದು, ಇನ್ನೊಂದು ಅರಿಶಿನದ ಬಣ್ಣ. ಎಲ್ಲವೂ ಒಂದೇ ಜಾತಿ ಅಂದರೆ ನಂಬುವುದು ಕಷ್ಟ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಗುಳಿ ಇದೆ, ಬೇಟೆಯ ಮೈಬಿಸಿಯನ್ನು ಅದರಿಂದಲೇ ಅರಿಯುತ್ತದೆ. ಒಂದೇ ಕೊಂಬೆಯಲ್ಲಿ ದಿನಗಟ್ಟಲೆ ಕದಲದೆ ಕೂರುತ್ತದೆ. ಇದನ್ನು ಕೋಲಿನಿಂದ ಎತ್ತಿ ಚೆಂದದ ಕೊಂಬೆಗೆ ಕೂರಿಸಿ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದು ಆರಿಸಿಕೊಂಡ ಜಾಗ ಕೆಡಿಸಿದ ಮೇಲೆ ಆ ಫೋಟೋದಲ್ಲಿ ಕಾಡಿನದು ಏನು ಉಳಿಯಿತು? 1972ರ ವನ್ಯಜೀವಿ ಕಾಯ್ದೆಯ ಮಾತು ಆಮೇಲೆ.

ಇನ್ನೊಂದನ್ನು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಗುಳಿಮಂಡಲಕ್ಕೆ ಮಾಡಿದ್ದಲ್ಲ, ಕಾಳಿಂಗಕ್ಕೂ ಅಲ್ಲ. ಕಣ್ಣು ಹೋಗದ ಕಡೆ ಕೈ ಹೋಗಬಾರದು. ಬಂಡೆ ಹತ್ತುವಾಗ, ಕೊಂಬೆ ಹಿಡಿಯುವಾಗ ಮೊದಲು ನೋಡು. ಏನಾದರೂ ಆದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದು ಯಾವುದೂ ಬೇಡ, ಸೀದಾ ಆಸ್ಪತ್ರೆ.

ಹಗಲಲ್ಲಿ ಅಡಿಕೆ ತೋಟಕ್ಕೆ ಹಾರುವ ಓತಿ ನೋಡಲು ಹೋಗೋಣ. ನೀನು ಹೋದ ಕಡೆ ಇವುಗಳಲ್ಲಿ ಹತ್ತಾರು ಜಾತಿಗಳಿವೆ, ದಕ್ಷಿಣ ಭಾರತಕ್ಕೆ ಇದೊಂದೇ. ಗಂಡು ಗಂಟಲಡಿಯ ಹಳದಿ ಪೊರೆಯನ್ನು ಪಟಪಟ ಬಿಚ್ಚಿ ಮುಚ್ಚುವುದು ಕಂಡರೆ, ಅದೇ ಮರದ ಮೇಲೇ ಕಣ್ಣಿಡು. ಚಾಚಿದ ಪಕ್ಕೆಲುಬುಗಳ ಮೇಲೆ ಚರ್ಮ ಹರಡಿ ಪಕ್ಕದ ಮರಕ್ಕೆ ತೇಲಿ ಹೋಗುತ್ತದೆ, ನೋಡುನೋಡುತ್ತಲೇ ತೊಗಟೆಯಲ್ಲಿ ಕರಗಿಬಿಡುತ್ತದೆ.

ಮಂಜು, ನನಗೆ ಚಿಂತೆ ಇರುವುದು ಆ ಒಂದಿಂಚಿನ ಕಪ್ಪೆಯದೇ. ಅದಕ್ಕೆ ಬೇಕಾದ್ದು ನೆರಳು ಮತ್ತು ಬತ್ತದ ಹಳ್ಳ. ಮಳೆ ಬೇಗ ಕೈಕೊಟ್ಟ ವರ್ಷ ಹಳ್ಳ ಬೇಗ ಸೊರಗುತ್ತದೆ. ಮೇಲಿಂದ ಕಾಫಿ ಹೂ ಅರಳಿಸುವ ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕಲು ನಾವು ಮೋಟರು ಇಳಿಸುತ್ತೇವೆ. ಬೆಳೆಗಾರನಾಗಿ ಆ ನೀರಿನ ಬೆಲೆ ನನಗೂ ಗೊತ್ತು. ಆದರೆ ಮಳೆನೀರನ್ನು ತೋಟದ ಕೆರೆಯಲ್ಲೇ ಹಿಡಿದಿಟ್ಟರೆ ಹಳ್ಳವನ್ನು ಬರಿದು ಮಾಡಬೇಕಿಲ್ಲ. ನಮ್ಮ ತೋಟದಲ್ಲಿ ಹಳ್ಳದ ಎರಡೂ ದಂಡೆಗೆ ಕಳೆನಾಶಕ ಹೊಡೆಯುವುದನ್ನು ನಿಲ್ಲಿಸಿದ್ದೇನೆ, ಮರಗಸಿ ಮಾಡುವಾಗ, ಅಂದರೆ ನೆರಳಿನ ಮರಗಳ ಕೊಂಬೆ ಸವರುವಾಗ, ದಂಡೆಯ ಮರಗಳನ್ನು ಮುಟ್ಟಿಸುವುದಿಲ್ಲ. ಅಕ್ಕಪಕ್ಕದವರಿಗೂ ಹೇಳುತ್ತಿದ್ದೇನೆ. ಒಬ್ಬಿಬ್ಬರು ಒಪ್ಪಿದ್ದಾರೆ, ಇನ್ನುಳಿದವರ ಹತ್ತಿರ ಮಾತು ನಡೆಯುತ್ತಿದೆ. ಆ ಕುಣಿತವನ್ನು ಕೂತು ನೋಡಿದ ಒಬ್ಬ ಗೆಳೆಯ ನನ್ನ ಪಕ್ಕ ನಿಂತು ಹೇಳಿದರೆ ಅದಕ್ಕೆ ತೂಕ ಬರುತ್ತದೆ, ಅದಕ್ಕೂ ನಿನ್ನನ್ನು ಕರೆಯುತ್ತಿದ್ದೇನೆ.

ರಿಸರ್ವ್ ಫಾರೆಸ್ಟ್ ಒಳಗೆ ರಾತ್ರಿ ಕಾಲಿಡುವುದಿಲ್ಲ, ನಮ್ಮ ತೋಟದ ರಸ್ತೆಯೇ ಸಾಕು. ಇಂಬಳ, ಅಂದರೆ ಜಿಗಣೆ ಹತ್ತದಂತೆ ಉದ್ದನೆಯ ಕಾಲುಚೀಲ ತಾ. ಸೊಳ್ಳೆ ಕ್ರೀಂ ಹಚ್ಚಿದ ಕೈಯನ್ನು ಹಳ್ಳಕ್ಕೆ ಅದ್ದುವಂತಿಲ್ಲ. ಕಪ್ಪೆ ಚರ್ಮದಿಂದಲೇ ಉಸಿರಾಡುವ, ನೀರು ಕುಡಿಯುವ ಜೀವ, ನಮ್ಮ ಕೈಲಿರುವುದೆಲ್ಲ ಅದರ ಮೈಯೊಳಗೆ ಇಳಿಯುತ್ತದೆ.

ಕೊನೆಯದಾಗಿ, ಬೋರ್ನಿಯೋದಲ್ಲಿ ಹಾಕಿಕೊಂಡಿದ್ದ ಬೂಟನ್ನೇ ತರುವುದಾದರೆ ಅಡಿಯ ಮಣ್ಣನ್ನೆಲ್ಲ ಬ್ರಷ್ಷಿನಲ್ಲಿ ಉಜ್ಜಿ, ಬ್ಲೀಚಿಂಗ್ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿಕೊಂಡು ಬಾ. ಜಗತ್ತಿನ ಎಷ್ಟೋ ಕಡೆ ಕಪ್ಪೆಗಳನ್ನು ಕೊಂದಿರುವ ಕೈಟ್ರಿಡ್ ಅನ್ನುವ ಶಿಲೀಂಧ್ರ ಒದ್ದೆ ಮಣ್ಣಿನ ಜೊತೆ ಊರಿಂದೂರಿಗೆ ಹೋಗಬಲ್ಲದು. ಅಷ್ಟು ರಗಳೆ ಬೇಡ ಅನ್ನಿಸಿದರೆ ಬರಿಗೈಲಿ ಬಾ, ನಿನ್ನ ಅಳತೆಯ ಗಂಬೂಟು ನಮ್ಮ ಮನೇಲಿದೆ.

ನಿನ್ನ,
ಪ್ರಕಾಶ