ಹಮಾಲಿಯ ಹೆಗಲು, ಗ್ರೀಕ್ ಕಂಬ

ಪ್ರೀತಿಯ ತಮ್ಮನಿಗೆ,

ಕಥೆ ಓದಿದೆ. ಎಪಿಎಂಸಿ ಯಾರ್ಡಿನ ದೂಳು, ಮೆಣಸಿನಕಾಯಿ ಘಾಟು ಚೆನ್ನಾಗಿ ಬಂದಿವೆ. ಆದರೆ ಹಮಾಲಿ ಮೂಟೆ ಹೊತ್ತಾಗಲೆಲ್ಲ ನಿನ್ನ ನಿರೂಪಕನಿಗೆ 'ಎಂಪಥಿ' (ಪರರ ನೋವನ್ನು ತನ್ನದೆಂಬಂತೆ ಅನುಭವಿಸುವುದು) ಉಕ್ಕುತ್ತದಲ್ಲ, ಅಲ್ಲಿ ನಾನು ಎಡವಿದೆ. ಆ ಪದದ ಜಾತಕ ಗೊತ್ತಾದರೆ ನೀನೇ ಅದನ್ನು ಹೊಡೆದುಹಾಕುತ್ತೀಯ ಅಂತ ಈ ಕಾಗದ.

ನೋಡಲು ಪ್ರಾಚೀನ ಗ್ರೀಕಿನಂತಿದ್ದರೂ ಇಂಗ್ಲಿಷಿನಲ್ಲಿ ಅದಕ್ಕೆ ನೂರು ಚಿಲ್ಲರೆ ವರ್ಷ ಅಷ್ಟೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಮನೋವಿಜ್ಞಾನಿ ಎಡ್ವರ್ಡ್ ಟಿಚನರ್ 1909ರಲ್ಲಿ ಜರ್ಮನ್ನಿನ 'ಐನ್‌ಫ್ಯೂಲುಂಗ್'ಗೆ ಸಾಟಿಯಾಗಿ ಅದನ್ನು ಬಳಕೆಗೆ ತಂದ. ಭಾವಿಸುತ್ತ ಒಳಹೊಗುವುದು ಅಂತ ಜರ್ಮನ್ ಪದದ ಅರ್ಥ. ಯಾವುದರ ಒಳಗೆ? ಪರರ ಕಷ್ಟದೊಳಗೆ ಅಂದುಕೊಂಡಿದ್ದೀಯ. ಅಲ್ಲ, ವಸ್ತುವಿನೊಳಗೆ! 1873ರಲ್ಲಿ ಜರ್ಮನ್ ಕಲಾಚಿಂತಕ ರಾಬರ್ಟ್ ವಿಶರ್ ಈ ಪದವನ್ನು ಚರ್ಚೆಗೆ ತಂದದ್ದು, ಒಂದು ಆಕಾರವನ್ನು ನೋಡುವಾಗ ನಮ್ಮ ಮೈಗೆ ಏನಾಗುತ್ತದೆ ಎಂದು ವಿವರಿಸಲು. ಆಮೇಲೆ ಜರ್ಮನ್ ತತ್ವಜ್ಞಾನಿ ಥಿಯೋಡರ್ ಲಿಪ್ಸ್ ಗ್ರೀಕ್ ದೇವಾಲಯದ ಡೋರಿಕ್ ಶೈಲಿಯ ಕಂಬವನ್ನೇ ಹಿಡಿದು ಕೂತ. ಕಲ್ಲು ಅಲುಗುವುದಿಲ್ಲ. ಆದರೂ ಚಾವಣಿಯ ಭಾರಕ್ಕೆ ಎದುರಾಗಿ ಕಂಬ ಮೈ ಬಿಗಿದು ಮೇಲೇಳುತ್ತಿರುವಂತೆ ಕಾಣುತ್ತದೆ. ಬಿಗಿಯುವವರು ನಾವು, ಬಿಗಿದದ್ದು ಕಂಬ ಅಂದುಕೊಳ್ಳುತ್ತೇವೆ. ಟಿಚನರ್ ಕೂಡ ಇಂಥದ್ದನ್ನು ಮನಸ್ಸಿನ ಸ್ನಾಯುಗಳಲ್ಲಿ ಅನುಭವಿಸುತ್ತೇನೆ ಅಂದ. ಸ್ನಾಯು ಅಂದ, ಹೃದಯ ಅನ್ನಲಿಲ್ಲ.

ಪರರ ನೋವಿಗೆ ಮಿಡಿಯುವ ಕೆಲಸ ಆಗ 'ಸಿಂಪಥಿ'ಯದು. 1759ರಲ್ಲಿ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ನೀತಿಭಾವನೆಗಳ ಬಗ್ಗೆ ಬರೆದ ಪುಸ್ತಕ ಶುರುವಾಗುವುದೇ ಅದರಿಂದ. ಇಪ್ಪತ್ತನೇ ಶತಮಾನದ ನಡುವಿಗೆ ಕಾರ್ಲ್ ರೋಜರ್ಸ್‌ನಂಥ ಮನೋಚಿಕಿತ್ಸಕರು ಎಂಪಥಿಯನ್ನು ಕಂಬದಿಂದ ಬಿಡಿಸಿ ಮನುಷ್ಯರ ಕಡೆಗೆ ತಿರುಗಿಸಿಕೊಂಡರು. ಈಗ ಆಫೀಸಿನ ತರಬೇತಿಗಳಲ್ಲೂ ಹಂಚುತ್ತಾರೆ. (ಇಂದಿನ ಗ್ರೀಕರ ಮುಂದೆ ಮಾತ್ರ ಜೋಪಾನ. ಅವರ 'ಎಂಪಾಥಿಯಾ' ಅಂದರೆ ಹಗೆತನ.)

ನಿನಗೆ ಬೇಕಾದದ್ದು ಆ ಹಳೆಯ, ಕಂಬದ ಕಾಲದ ಅರ್ಥ. ಮೂಟೆ ಬೆನ್ನಿಗೆ ಬಿದ್ದ ಕ್ಷಣ ಹಮಾಲಿಯ ಕತ್ತು ಹೆಗಲೊಳಗೆ ಇಳಿಯುತ್ತದೆ. ಮೊದಲ ಹೆಜ್ಜೆಗೆ ಮುಂಚೆ ಮಂಡಿ ಸ್ವಲ್ಪ ಬಾಗಿ, ಭಾರದ ಅಂದಾಜು ಸಿಕ್ಕ ಮೇಲೇ ನೆಟ್ಟಗಾಗುತ್ತದೆ. ಲಾರಿಗೆ ಹಾಕಿದ ಹಲಗೆ ಅವನು ನಡುಮಧ್ಯಕ್ಕೆ ಬಂದಾಗ ಜಗ್ಗುತ್ತದೆ, ಆಗ ಅವನು ಉಸಿರು ಬಿಡುವುದಿಲ್ಲ. ಇಷ್ಟನ್ನು ಬರೆ, ಓದುವವನ ಕತ್ತು ತಾನಾಗಿ ಬಿಗಿಯುತ್ತದೆ. ಅವನಿಗೆ ಕನಿಕರ ಹುಟ್ಟುತ್ತದೋ ಇಲ್ಲವೋ ಅದು ಅವನಿಗೆ ಬಿಟ್ಟದ್ದು. ನಿರೂಪಕ ನಡುವೆ ಬಂದು ಕಣ್ಣೊರೆಸಿಕೊಂಡರೆ ನಮಗೆ ಹಮಾಲಿ ಮರೆಯಾಗಿ ನಿರೂಪಕನ ಕರ್ಚೀಫು ಕಾಣುತ್ತದೆ.

ಮೂರನೇ ಪುಟ ತಿದ್ದಿ ಕಳಿಸು. ಮೂಟೆಯ ತೂಕ ಒಂದು ಕಡೆ 50 ಕೆಜಿ, ಇನ್ನೊಂದು ಕಡೆ 100 ಅಂತಿದೆ. ಯಾರ್ಡಿಗೆ ಹೋಗಿ ಕೇಳಿಕೊಂಡು ಬಾ.

ನಿನ್ನ ಅಣ್ಣ